ನಡೆದರೆ ಇಳಿಯಿತು, ಮೆಟ್ಟಿಲು ಹತ್ತಿದರೆ ಏರಿತು!

ಪ್ರಶ್ನೆ: ನನಗೆ 52 ವರ್ಷ. ಟೈಪ್ 2 ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ತೆಗೆದುಕೊಳ್ಳುತ್ತೇನೆ. ಹೋದ ವಾರ ಒಂದು ಗಂಟೆ ನಡೆದು ಬಂದಾಗ ಕೈ ನಡುಗಿ, ಮೈಯೆಲ್ಲ ಬೆವರಿತು. ನೋಡಿದರೆ ಶುಗರ್ 64. ಇನ್ನೊಂದು ದಿನ ಮಗನ ಜೊತೆ ಜೋರಾಗಿ ಮೆಟ್ಟಿಲು ಹತ್ತಿ ಇಳಿದೆ. 138 ಇದ್ದದ್ದು 176 ಆಯಿತು. ನನಗೆ ವ್ಯಾಯಾಮವೇ ಆಗಿಬರುವುದಿಲ್ವಾ ಡಾಕ್ಟರೇ?

ಉತ್ತರ: ಖಂಡಿತ ಆಗಿಬರುತ್ತದೆ ತಾಯಿ, ದಯವಿಟ್ಟು ಬಿಡಬೇಡಿ. ನನಗೂ 14 ವರ್ಷದಿಂದ ಇದೇ ಕಾಯಿಲೆ. ಒಂದು ಸಂಜೆ ನಡೆದು ಬಂದು ಶರ್ಟಿನ ಗುಂಡಿ ಬಿಚ್ಚಲು ಹೋದೆ. ಬೆರಳಿಗೆ ಸಿಗಲೇ ಇಲ್ಲ, ಮೂರು ಸಲ ಜಾರಿತು. ಆಗ ನನ್ನ ಶುಗರ್ 58. ನಿಮ್ಮ ಕೈ ನಡುಗಿದ್ದು ಎಂಥ ಭಯ ಹುಟ್ಟಿಸಿರುತ್ತದೆ ಅಂತ ನನಗೆ ಗೊತ್ತು.

ನಡೆಯುವಾಗ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಅದೇ ಹೊತ್ತಿಗೆ ಗ್ಲಿಮೆಪಿರೈಡ್ ಇನ್ಸುಲಿನ್ನನ್ನೂ ಜಾಸ್ತಿ ಮಾಡುತ್ತದೆ. ಎರಡೂ ಸೇರಿದರೆ ಶುಗರ್ ಕುಸಿಯುತ್ತದೆ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಹೀಗಾಗುವುದು ಅಪರೂಪ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ವೈದ್ಯರಿಗೆ ಈ 64ರ ವಿಷಯ ಹೇಳಿ, ಡೋಸ್ ಬದಲಿಸಬೇಕಾ ಕೇಳಿ.

ಹೊರಡುವ ಮುಂಚೆ ಬೆರಳು ಚುಚ್ಚಿ ನೋಡಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ನಡುಕ ಬಂತು, ನೋಡಿದರೆ 70ಕ್ಕಿಂತ ಕೆಳಗೆ ಅಂದರೆ ಅಲ್ಲೇ ಕೂತುಬಿಡಿ. 'ಮನೆ ಹತ್ತಿರವೇ ಇದೆ, ಹೋಗಿಬಿಡೋಣ' ಅನ್ನಬೇಡಿ. 15 ಗ್ರಾಂ ಗ್ಲೂಕೋಸ್, ಇಲ್ಲದಿದ್ದರೆ ಮೂರು-ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಏರಿಲ್ಲವಾ? ಮತ್ತೊಮ್ಮೆ ಕುಡಿಯಿರಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ.

ಇನ್ನು ಆ 176. ಜೋರಾಗಿ ಮೆಟ್ಟಿಲು ಹತ್ತಿದಾಗ ದೇಹ ಅಡ್ರಿನಾಲಿನ್ ಬಿಡುತ್ತದೆ. ಅದು ಪಿತ್ತಜನಕಾಂಗಕ್ಕೆ 'ಕೂಡಿಟ್ಟ ಸಕ್ಕರೆ ಕೊಡು' ಎನ್ನುತ್ತದೆ. ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ. ಇದಕ್ಕಾಗಿ ಸುಮ್ನೆ ಇನ್ನೊಂದು ಮಾತ್ರೆ ನುಂಗಬೇಡಿ, ಆಮೇಲೆ ತೀರಾ ಕೆಳಗಿಳಿದೀತು. ಹತ್ತುವಾಗ ಎದೆ ಹಿಡಿದಂತಾದರೆ ಮಾತ್ರ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ದೂರ ನಡೆದ ದಿನ ಮಲಗುವ ಮುಂಚೆಯೂ ಒಮ್ಮೆ ಶುಗರ್ ನೋಡಿ. ಸ್ನಾಯುಗಳು ಆಮೇಲೂ ತುಂಬಾ ಹೊತ್ತು ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತವೆ, ರಾತ್ರಿ ನಿದ್ದೆಯಲ್ಲೂ ಇಳಿಯಬಹುದು. ಎರಡು ವಾರ ನಡಿಗೆಗೆ ಮುಂಚೆ, ಮುಗಿದ ಕೂಡಲೇ, ಮತ್ತೆ ಎರಡು ಗಂಟೆ ಬಿಟ್ಟು ಬಂದ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ವೈದ್ಯರ ಹತ್ತಿರ ಹೋಗುವಾಗ ಅದನ್ನು ಮರೆಯದೆ ತೆಗೆದುಕೊಂಡು ಹೋಗಿ.