ವೈದ್ಯರಿಗೆ ಮೂರು ಪೆಗ್ ಅಂದಿದ್ದೆ

ಒಂಬತ್ತು ವರ್ಷದಿಂದ ದಿನಾ ಕುಡಿಯುತ್ತಿದ್ದೀರಿ. ಕೌನ್ಸೆಲರ್ ಹತ್ತಿರ ಹೋದರೆ ಕುಡಿತದ ಮಾತು ಬಿಟ್ಟು ನಿದ್ದೆ, ಊಟ, ಹೆಂಡತಿ, ಆಫೀಸು ಅಂತ ಎಲ್ಲ ಕೆದಕುತ್ತಾರೆ, ಯಾಕೆ ಅಂತ ಕೇಳಿದರೆ 'ಹೋಲಿಸ್ಟಿಕ್', ಅಂದರೆ ಮನುಷ್ಯನನ್ನು ಪೂರ್ತಿಯಾಗಿ ನೋಡಬೇಕು, ಅನ್ನುತ್ತಾರೆ. ಇದೆಲ್ಲ ಬೇಕಾ, ಸೋಮವಾರದಿಂದ ಮನಸ್ಸು ಗಟ್ಟಿ ಮಾಡಿ ಒಬ್ಬನೇ ನಿಲ್ಲಿಸಿಬಿಟ್ಟರೆ ಆಗಲ್ವಾ ಅನ್ನೋದು ನಿಮ್ಮ ಪ್ರಶ್ನೆ.

ಆಗಲ್ಲ. ಮೊದಲು ಆ ಸೋಮವಾರವನ್ನು ಕ್ಯಾನ್ಸಲ್ ಮಾಡಿ. ಉಳಿದದ್ದು ಆಮೇಲೆ.

ನಾನೂ ಹೀಗೇ ಒಂದು ದಿನ ಗೊತ್ತು ಮಾಡಿಕೊಂಡಿದ್ದೆ. ನನ್ನದು ಗುರುವಾರ. ಹನ್ನೊಂದು ವರ್ಷದ ಕುಡಿತ, ಅದರಲ್ಲಿ ಕೊನೆಯ ಎರಡು ವರ್ಷ ಬೆಳಿಗ್ಗೆಯೂ ಬೇಕಾಗುತ್ತಿತ್ತು. ಎದ್ದ ತಕ್ಷಣ ಕೈ ನಡುಗುತ್ತಿತ್ತು. ಲೋಟಕ್ಕೆ ಚಮಚ ಹಾಕಿದರೆ ಟಣಟಣ ಸದ್ದು. ಅದು ಹೆಂಡತಿಗೆ ಕೇಳಬಾರದು ಅಂತ ಸಕ್ಕರೆ ಕಲಕುವುದನ್ನೇ ಬಿಟ್ಟಿದ್ದೆ. ಒಂದು ಗುಟುಕು ಒಳಗೆ ಹೋದರೆ ಸ್ವಲ್ಪ ಹೊತ್ತಿಗೆ ಕೈ ಸರಿ ಆಗುತ್ತಿತ್ತು. ಅದನ್ನು ನಾನು ಕುಡಿತದ ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನ ಪಾಲಿಗೆ ಅದು ಔಷಧಿ.

ತಮ್ಮ ಬಿಡಲಿಲ್ಲ. ಬುಧವಾರವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ. ಅಷ್ಟರ ಮಟ್ಟಿಗೆ ನಾನು ನಿಮಗಿಂತ ಪುಣ್ಯವಂತ. ಅವರು ಕೇಳಿದರು, "ದಿನಕ್ಕೆ ಎಷ್ಟು ತಗೋತೀರಿ?"

"ಮೂರು ಪೆಗ್."

"ಬೆಳಿಗ್ಗೆ ಎದ್ದ ತಕ್ಷಣ ಬೇಕಾಗುತ್ತಾ?"

"ಇಲ್ಲ ಡಾಕ್ಟ್ರೇ, ಅದೆಲ್ಲ ಇಲ್ಲ."

ಈ ಎರಡು ಉತ್ತರಗಳನ್ನು ಆಮೇಲೆ ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಯಾಕೆ ಹಾಗಂದೆ? ತಮ್ಮ ಪಕ್ಕದಲ್ಲೇ ಕೂತಿದ್ದ, ಅದೊಂದು. ಚಿಕ್ಕವನಿದ್ದಾಗ ನಾನೇ ಸೈಕಲ್ ಹೊಡೆಯಲು ಕಲಿಸಿದ ತಮ್ಮನ ಎದುರು ಐದು ಅಂತ ಹೇಗೆ ಹೇಳಲಿ? ಆದರೆ ಅದಷ್ಟೇ ಅಲ್ಲ. ಹೆಂಡತಿಗೆ ಯಾವಾಗಲೂ ಎರಡು ಅನ್ನುತ್ತಿದ್ದೆ. ಹಾಗಾಗಿ ಮೂರು ಅಂದಾಗ ನಾನು ಸತ್ಯ ಹೇಳುತ್ತಿದ್ದೇನೆ ಅಂತಲೇ ಅನ್ನಿಸಿತ್ತು. ನಿಜವಾಗಿ, ಎದೆ ಹಗುರ ಆಗಿತ್ತು! ಮೂರನೆಯದು, ಡಾಕ್ಟರ್‌ಗಳು ಹೇಗೂ ನಾವು ಹೇಳಿದ್ದರ ಎರಡರಷ್ಟು ಅಂತ ಲೆಕ್ಕ ಹಾಕಿಕೊಳ್ಳುತ್ತಾರೆ ಅಂತ ಎಲ್ಲೋ ಕೇಳಿದ್ದೆ. ನಾನು ಐದು ಅಂದರೆ ಅವರು ಹತ್ತು ಅಂದುಕೊಳ್ಳುತ್ತಾರೆ, ಅನ್ಯಾಯ ಅಲ್ವಾ ಅಂತ ನನ್ನ ತರ್ಕ. ಕುಡುಕನ ತಲೆಯಲ್ಲಿ ಒಬ್ಬ ವಕೀಲ ಇರುತ್ತಾನೆ, ಅವನು ಯಾವತ್ತೂ ರಜೆ ತಗೊಳ್ಳುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಮಾತಿನದ್ದಲ್ಲ. ಆ ದಿನ ಬೆಳಿಗ್ಗೆ ಎಂಟು ಗಂಟೆಗೆ ಒಂದು ಗ್ಲಾಸ್ ಏರಿಸಿಕೊಂಡು, ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿದು ಹೋಗಿದ್ದೆ. ಡಾಕ್ಟರ್ ಎದುರು ಕೈ ನಡುಗಿದರೆ ಮರ್ಯಾದೆ ಏನಾಗಬೇಕು? ಅವರು ಎರಡೂ ಕೈ ಮುಂದೆ ಚಾಚಲು ಹೇಳಿದರು. ಬೆರಳು ಒಂದಿಷ್ಟೂ ಅಲುಗಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ. ಅಂದರೆ ಬಾಯಿ ಮಾತ್ರ ಅಲ್ಲ, ದೇಹದ ಕೈಯಲ್ಲೂ ಸುಳ್ಳು ಸಾಕ್ಷಿ ಹೇಳಿಸಿದ್ದೆ.

ಬೆಳಿಗ್ಗೆಯ ಪ್ರಶ್ನೆ ಅವರು ಸುಮ್ನೆ ಕೇಳಿದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಜಾನ್ ಯೂಯಿಂಗ್ ಅನ್ನುವ ಅಮೆರಿಕದ ಮನೋವೈದ್ಯರು 1984ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳ ಪರೀಕ್ಷೆ ಇದೆ, ಕೇಜ್ ಅಂತ ಹೆಸರು. ಕಡಿಮೆ ಮಾಡಬೇಕು ಅನ್ನಿಸಿದೆಯಾ, ಯಾರಾದರೂ ಆಡಿಕೊಂಡರೆ ಕಿರಿಕಿರಿ ಆಗುತ್ತಾ, ತಪ್ಪು ಮಾಡ್ತಿದ್ದೀನಿ ಅನ್ನಿಸುತ್ತಾ, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತಾ. ಕೊನೆಯದಕ್ಕೆ ಹೌದು ಅಂದಿದ್ದರೆ ನನ್ನ ದೇಹವೇ ಮದ್ಯಕ್ಕೆ ಒಗ್ಗಿಹೋಗಿದೆ ಅನ್ನುವ ಅನುಮಾನ ಅವರಿಗೆ ಅಲ್ಲೇ ಬರುತ್ತಿತ್ತು, ಅಡ್ಮಿಟ್ ಮಾಡಿಕೊಳ್ಳುತ್ತಿದ್ದರು. ನಾನು ಇಲ್ಲ ಅಂದೆ. ಮೂರು ಪೆಗ್ಗಿಗೆ ತಕ್ಕ ಮಾತ್ರೆ ಬರೆದು, ನಡುಕ ಜಾಸ್ತಿ ಆದರೆ ತಕ್ಷಣ ಬನ್ನಿ ಅಂತ ಹೇಳಿ ಮನೆಗೆ ಕಳಿಸಿದರು. ಅವರ ತಪ್ಪು ಏನೂ ಇಲ್ಲ.

ಗುರುವಾರ ಬೆಳಿಗ್ಗೆ ಆರೂವರೆಗೆ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದೆ. ಬುಧವಾರ ಬೆಳಿಗ್ಗೆಯ ಆ ಗ್ಲಾಸೇ ಕೊನೆಯದು, ಅದಾಗಿ ಸುಮಾರು ಇಪ್ಪತ್ತೆರಡು ಗಂಟೆ. ನಲ್ಲಿ ತಿರುಗಿಸಿದ್ದು ನೆನಪಿದೆ. ಆಮೇಲೆ ನೆನಪಿರುವುದು ಕೆನ್ನೆಗೆ ತಣ್ಣಗೆ ತಾಗುತ್ತಿದ್ದ ನೆಲ, ಬಾಯಲ್ಲಿ ರಕ್ತದ ರುಚಿ, ನಾಲಿಗೆ ಕಚ್ಚಿಕೊಂಡಿದ್ದೆ. ನಲ್ಲಿ ಇನ್ನೂ ಸುರಿಯುತ್ತಿತ್ತು. ಹೆಂಡತಿ "ರೀ, ರೀ" ಅಂತ ಕೂಗುತ್ತಿದ್ದಳು. ಅವಳು ಯಾರು ಅಂತ ಕೆಲವು ನಿಮಿಷ ನನಗೆ ಗೊತ್ತಾಗಲಿಲ್ಲ. ಅದೃಷ್ಟಕ್ಕೆ ಚಿಲಕ ಹಾಕಿರಲಿಲ್ಲ.

ಫಿಟ್ಸ್. ನನ್ನ ಮನೆತನದಲ್ಲಿ ಯಾರಿಗೂ ಇಲ್ಲ, ನನಗೂ ಅದೇ ಮೊದಲು.

ಇದು ಹೇಗೆ ಆಗುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ನಿಮ್ಮ ಸೋಮವಾರ ಇದರ ಮೇಲೆ ನಿಂತಿದೆ. ಮದ್ಯ ಮೆದುಳನ್ನು ಮಂಕು ಮಾಡುತ್ತದೆ. ವರ್ಷಗಟ್ಟಲೆ ದಿನಾ ಹಾಗೆ ಮಾಡಿದರೆ ಮೆದುಳು ಸುಮ್ಮನಿರುವುದಿಲ್ಲ, ಎಚ್ಚರವಾಗಿರಲು ಅದೂ ಎದುರಿನಿಂದ ಜೋರಾಗಿ ತಳ್ಳಲು ಶುರು ಮಾಡುತ್ತದೆ. ಒಂದೇ ಬಾಗಿಲನ್ನು ಎರಡೂ ಕಡೆಯಿಂದ ತಳ್ಳುತ್ತಿರುವ ಇಬ್ಬರನ್ನು ನೆನೆಸಿಕೊಳ್ಳಿ. ಒಬ್ಬ ತಟ್ಟನೆ ಕೈಬಿಟ್ಟರೆ ಇನ್ನೊಬ್ಬ ಬಾಗಿಲ ಸಮೇತ ಒಳಗೆ ಬೀಳುತ್ತಾನೆ. ನಿಲ್ಲಿಸಿದ ಮೊದಲ ದಿನವೇ ನಡುಕ, ಬೆವರು. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಡೆಲೀರಿಯಂ ಟ್ರೆಮೆನ್ಸ್ ಅನ್ನುವ ಸ್ಥಿತಿ ಬರಬಹುದು: ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು, ಜ್ವರ. ಅದರಲ್ಲಿ ಜೀವವೇ ಹೋದವರಿದ್ದಾರೆ. ಎಲ್ಲರಿಗೂ ಹೀಗಾಗುವುದಿಲ್ಲ, ಹೆಚ್ಚಿನವರಿಗೆ ಆಗುವುದೇ ಇಲ್ಲ. ಆದರೆ ಯಾರಿಗೆ ಆಗುತ್ತೆ ಅಂತ ಮನೆಯಲ್ಲಿ ಕೂತು ನೀವು ಹೇಳಲಾರಿರಿ. ಮನಸ್ಸು ಗಟ್ಟಿ ಇದೆಯಾ ಅಂತ ಫಿಟ್ಸ್ ಕೇಳಿಕೊಂಡು ಬರುವುದಿಲ್ಲ.

ಆಸ್ಪತ್ರೆಯಲ್ಲಿ ಮೂರನೇ ರಾತ್ರಿ ಹೊದಿಕೆ ತುಂಬ ಇರುವೆ. ಕೊಡವಿದೆ, ಕೊಡವಿದೆ. ನರ್ಸ್ ಬಂದು "ಏನೂ ಇಲ್ಲ ಸರ್" ಅಂದರು. ಆ ಭಾಗ ಇಷ್ಟು ಸಾಕು.

ಕೌನ್ಸೆಲರ್ ಮೇಡಂ ಸಿಕ್ಕಿದ್ದು ಅದಾದ ಮೇಲೆ. ನಾನು ಸಿದ್ಧವಾಗಿ ಹೋಗಿದ್ದೆ, ಯಾಕೆ ಕುಡೀತೀರಿ ಅಂತ ಕೇಳಿದರೆ ಏನು ಹೇಳಬೇಕು ಅಂತ. ಅವರು ಅದನ್ನು ಕೇಳಲೇ ಇಲ್ಲ. ಎರಡನೇ ಭೇಟಿಗೆ ಬರುವಾಗ ನೀವು ಕುಡಿಯುತ್ತಿದ್ದ ಗ್ಲಾಸ್ ತನ್ನಿ ಅಂದರು. ಪೇಪರಿನಲ್ಲಿ ಸುತ್ತಿಕೊಂಡು ಹೋದೆ. ನೀರಿನ ಬಾಟಲಿ ಕೊಟ್ಟು, "ಒಂದು ಪೆಗ್ ಹಾಕಿ, ದಿನಾ ಹಾಕ್ತಿದ್ದ ಹಾಗೆ" ಅಂದರು. ಹಾಕಿದೆ. ಕೈಗೆ ಅಭ್ಯಾಸ, ನೋಡುವುದೇ ಬೇಡ. ಅವರು ಆ ನೀರನ್ನು ಅಳತೆಯ ಕಪ್ಪಿಗೆ ಬಗ್ಗಿಸಿದರು. ಪೆಗ್ ಅಂದರೆ 60 ಎಂಎಲ್ ಅಲ್ವಾ? ನನ್ನದು 110.

ಐದು ಗ್ಲಾಸ್, ತಲಾ 110. 550. ಡಾಕ್ಟರ್‌ಗೆ ನಾನು ಹೇಳಿದ್ದು ಮೂರು ಪೆಗ್, ಅಂದರೆ 180. ಸ್ವಲ್ಪ ಕಡಿಮೆ ಹೇಳಿದೆ ಅಂತ ಆವರೆಗೂ ಅಂದುಕೊಂಡಿದ್ದೆ. ಹೇಳಿದ್ದು ಮೂರನೇ ಒಂದು ಪಾಲೂ ಅಲ್ಲ. ಖಾಲಿ ಬಾಟ್ಲಿ ಎಣಿಸಿದ್ದರೆ ಯಾವಾಗಲೋ ಗೊತ್ತಾಗುತ್ತಿತ್ತು. ಎಣಿಸಬಾರದು ಅಂತಲೇ ಒಂದೊಂದನ್ನು ಒಂದೊಂದು ಕಡೆ ಬಿಸಾಕುತ್ತಿದ್ದೆ.

ಈಗ ನಿಮ್ಮ 'ಹೋಲಿಸ್ಟಿಕ್' ವಿಷಯ. ಈ ಪದ ಕೇಳಿದರೆ ನನಗೂ ಮೈ ಉರಿಯುತ್ತಿತ್ತು. ಊದುಬತ್ತಿ ಹಚ್ಚಿ, ಉಸಿರು ಎಳೆದುಕೊಳ್ಳಿ ಬಿಡಿ ಅನ್ನುವ ವ್ಯವಹಾರ ಅಂದುಕೊಂಡಿದ್ದೆ. ಹಾಗೆ ಮಾರುವವರೂ ಇದ್ದಾರೆ. ಮಾತ್ರೆ ಬೇಡ, ಎಲ್ಲ ನ್ಯಾಚುರಲ್ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆದರೆ ನಿಮ್ಮ ಕೌನ್ಸೆಲರ್ ಕೇಳುತ್ತಿರುವುದು ಬೇರೆ. ಜಾರ್ಜ್ ಎಂಗೆಲ್ ಅನ್ನುವ ವೈದ್ಯರು 1977ರಲ್ಲೇ ವಾದಿಸಿದ್ದರು: ಕಾಯಿಲೆಯನ್ನು ಬರೀ ದೇಹದ ಕೆಡುಕು ಅಂತ ನೋಡಬೇಡಿ, ದೇಹ, ಮನಸ್ಸು, ಸುತ್ತಲಿನ ಜನ ಮೂರೂ ಸೇರಿಸಿ ನೋಡಿ ಅಂತ. ಮೂರರಲ್ಲಿ ದೇಹವೂ ಒಂದು, ಗಮನಿಸಿ. ನಾನು ಒಂದು ತಿಂಗಳಾದ ಮೇಲೆ "ಈಗ ವಾಕಿಂಗ್ ಮಾಡ್ತಿದ್ದೀನಲ್ಲ, ನಾಲ್ಟ್ರೆಕ್ಸೋನ್ ಬಿಡ್ಲಾ?" ಅಂದಾಗ ಮೇಡಂ ಹೇಳಿದ್ದು, "ಪೂರ್ತಿ ಅಂದ್ರೆ ಮಾತ್ರೆನೂ ಸೇರಿ ಪೂರ್ತಿ. ಬಿಡೋದಾದ್ರೆ ಡಾಕ್ಟರ್ ಹೇಳ್ಲಿ." ಕುಡಿಯಬೇಕು ಅನ್ನುವ ಎಳೆತ ಕಡಿಮೆ ಮಾಡುವ ಮಾತ್ರೆ ಅದು. ಅಮೆರಿಕದಲ್ಲಿ ಕುಡಿತಕ್ಕೆ ಅದನ್ನು 1994ರಲ್ಲೇ ಒಪ್ಪಿದ್ದಾರೆ, ಹೊಸದೇನಲ್ಲ.

ಊಟದ ಪ್ರಶ್ನೆಯೂ ಕಾಡುಹರಟೆ ಅಲ್ಲ. ಜಾಸ್ತಿ ಕುಡಿಯುವವರಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಖಾಲಿಯಾಗಿರುವುದು ಸಾಮಾನ್ಯ. ಅದು ತೀರಾ ಇಳಿದರೆ ನಡಿಗೆ ತಪ್ಪುತ್ತದೆ, ಕಣ್ಣಿನ ಚಲನೆ ಕೆಡುತ್ತದೆ, ತಲೆ ಗೊಂದಲವಾಗುತ್ತದೆ, ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಗಬಹುದು. ಆಸ್ಪತ್ರೆಯಲ್ಲಿ ನನಗೆ ಮೊದಲು ಏರಿಸಿದ್ದೇ ಅದನ್ನು. ನಾನಂತೂ ಕಿಕ್ ಚೆನ್ನಾಗಿ ಸಿಗಲಿ ಅಂತ ಮಧ್ಯಾಹ್ನದ ಊಟ ಬಿಡುತ್ತಿದ್ದೆ. ಸಂಜೆ ಏಳಕ್ಕೆ ಎಳೆತ ಶುರು. ಮೇಡಂ ಒಂದು ವಾರ ಆರೂವರೆಗೇ ಊಟ ಮಾಡಲು ಹೇಳಿದರು. ಏಳು ಗಂಟೆಯ ಎಳೆತ ಅರ್ಧಕ್ಕರ್ಧ ಇಳಿಯಿತು. ಅಂದರೆ ಹನ್ನೊಂದು ವರ್ಷ ಹಸಿವಿಗೂ ನಾನು ವಿಸ್ಕಿಯನ್ನೇ ಕೊಡುತ್ತಿದ್ದೆ. ಬಿಟ್ಟವರ ಗುಂಪುಗಳಲ್ಲಿ ಹೇಳುತ್ತಾರೆ, ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕನ್ನು ಮೊದಲು ನೋಡಿಕೋ ಅಂತ. ನೀವು ಇದೆಲ್ಲ ಬೇಕಾ ಅಂದ ಪ್ರಶ್ನೆಗಳನ್ನು ಒಮ್ಮೆ ಇದರ ಪಕ್ಕ ಇಟ್ಟು ನೋಡಿ.

ನನ್ನ ಹೆಂಡತಿಗೆ ಯಾರೋ ಸಲಹೆ ಕೊಟ್ಟಿದ್ದರು, ಗೊತ್ತಾಗದ ಹಾಗೆ ಸಾರಿನಲ್ಲಿ ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆ ಕಲಸಿ ಹಾಕಿ ಅಂತ. ನಿಮ್ಮ ಮನೆಯಲ್ಲೂ ಯಾರಾದರೂ ಆ ಯೋಚನೆಯಲ್ಲಿದ್ದರೆ ತಡೆಯಿರಿ. ಆ ಮಾತ್ರೆಯ ಮೇಲೆ ಕುಡಿದರೆ ವಾಂತಿ, ಎದೆ ಡವಡವ, ಬಿಪಿ ಕುಸಿತ. ತಗೊಳ್ಳುವವನಿಗೆ ಗೊತ್ತಿದ್ದು, ಒಪ್ಪಿ ತಗೊಳ್ಳಬೇಕಾದ ಮಾತ್ರೆ ಅದು. ಮನೆಯವರ ಕಡೆಯಿಂದಲೂ ಕಳ್ಳಾಟ ಬೇಡ.

ಐದನೇ ತಿಂಗಳಲ್ಲಿ ಜಾರಿದೆ. ನಿದ್ದೆ ಇನ್ನೂ ಸರಿ ಹೋಗಿರಲಿಲ್ಲ. ಬಿಟ್ಟ ಮೇಲೂ ತಿಂಗಳುಗಟ್ಟಲೆ ನಿದ್ದೆ ಕೆಟ್ಟಿರಬಹುದು ಅಂತ ಮೊದಲೇ ಹೇಳಿದ್ದರು, ನಂಬಿರಲಿಲ್ಲ. ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ, ಮನೆಯಲ್ಲಿ ಯಾರೂ ಇರಲಿಲ್ಲ. ಒಂದು ಹಾಕಿಕೊಂಡೆ. ಕುಡಿದು ಗ್ಲಾಸ್ ಕೆಳಗಿಟ್ಟ ಕ್ಷಣವೇ ತಲೆಯಲ್ಲಿ ಆ ವಕೀಲ ಎದ್ದು ನಿಂತ: ಹೇಗೂ ಕೆಟ್ಟಾಯ್ತು, ಇನ್ನು ಬಾಟ್ಲಿ ಮುಗಿಸು. ಈ ಯೋಚನೆ ನನ್ನೊಬ್ಬನದಲ್ಲ. ಆಲನ್ ಮಾರ್ಲಾಟ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನೇ ಹಿಡಿದು ಕೆಲಸ ಮಾಡಿದ್ದರು. ಒಂದು ಗ್ಲಾಸಿಗಿಂತ ಆಮೇಲೆ ಬರುವ ನಾಚಿಕೆಯೇ ಮನುಷ್ಯನನ್ನು ಮತ್ತೆ ಹಳೇ ಕುಡಿತಕ್ಕೆ ದೂಡುತ್ತದೆ ಅಂತ. ನಾನು ಮೇಡಂಗೆ ಫೋನ್ ಮಾಡಿದೆ.

"ಎಷ್ಟು?" ಅಂದರು.

"ಒಂದು."

"ನಿಮ್ಮ ಒಂದಾ, ನನ್ನ ಒಂದಾ?"

ಅಳುತ್ತಿದ್ದವನಿಗೆ ನಗು ಬಂತು. "ನಂದು. ನೂರ ಹತ್ತು."

ಅವರು ಬೈಯಲಿಲ್ಲ. ಉಳಿದಿದ್ದನ್ನು ಸಿಂಕಿಗೆ ಸುರಿಯಿರಿ, ಸುರಿಯುವ ಸದ್ದು ನನಗೆ ಕೇಳಬೇಕು ಅಂದರು. ಫೋನನ್ನು ಸಿಂಕಿನ ಪಕ್ಕ ಇಟ್ಟೆ. ಆಮೇಲೆ ಊಟ ಆಯ್ತಾ ಅಂತ ಕೇಳಿದರು. ಆಗಿರಲಿಲ್ಲ.

ಇದೆಲ್ಲ ಮದ್ಯದ ಕಥೆ. ನಿದ್ದೆ ಮಾತ್ರೆಯ ಚಟ ಇದ್ದರೂ ಹೀಗೇ, ಡಾಕ್ಟರ್ ಇಲ್ಲದೆ ತಟ್ಟನೆ ನಿಲ್ಲಿಸಬೇಡಿ. ಹೆರಾಯಿನ್ ಥರದ್ದಾದರೆ ಅಪಾಯ ಇನ್ನೊಂದು ಕಡೆಯಿಂದ ಬರುತ್ತದೆ: ಕೆಲವು ವಾರ ಬಿಟ್ಟು ಮತ್ತೆ ಹಳೇ ಅಳತೆಯನ್ನೇ ತಗೊಂಡರೆ ದೇಹ ತಡೆಯುವುದಿಲ್ಲ, ಉಸಿರೇ ನಿಲ್ಲಬಹುದು.

ನೀವು ಮಾಡಬೇಕಾದ್ದು ಇಷ್ಟು. ಡಾಕ್ಟರ್ ನೋಡುವವರೆಗೆ ಒಮ್ಮೆಲೇ ನಿಲ್ಲಿಸಬೇಡಿ. ಇವತ್ತೇ ನಿಮ್ಮ ಗ್ಲಾಸ್ ತಗೊಂಡು, ಕಣ್ಣಳತೆಯಲ್ಲಿ ನೀರು ಹಾಕಿ, ಅಳೆಯಿರಿ. ದಿನಕ್ಕೆ ಎಷ್ಟು ಗ್ಲಾಸ್ ಅಂತ ಗುಣಿಸಿ. ಬೆಳಿಗ್ಗೆಯದ್ದನ್ನೂ ಸೇರಿಸಿ. ಬಾಯಿಂದ ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಡಾಕ್ಟರ್ ಕೈಗೆ ಕೊಡಿ, ಇನ್ನೊಂದು ಪ್ರತಿ ಕೌನ್ಸೆಲರ್‌ಗೆ. ಮತ್ತೆ, ಜೊತೆಗೆ ಬಂದವರು ತಮ್ಮನೇ ಆಗಲಿ ಹೆಂಡತಿಯೇ ಆಗಲಿ, ಆ ಐದು ನಿಮಿಷ ಹೊರಗೆ ಕೂತಿರಲು ಹೇಳಿ.