ಓದುಗರ ಪ್ರಶ್ನೆ: ಎಲ್ರೂ ಡೋಪಿಂಗ್ ಮಾಡ್ತಿದ್ರು ಅಂದ್ಮೇಲೆ ಗೆದ್ದವನದ್ದೇನು ತಪ್ಪು?

ಹೋದ ಸಂಚಿಕೆಯಲ್ಲಿ ಅಮೆರಿಕದ ಸೈಕ್ಲಿಸ್ಟ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಡೋಪಿಂಗ್, ಅಂದ್ರೆ ನಿಷೇಧಿತ ಡ್ರಗ್ಸ್ ತಗೊಂಡಿದ್ದಕ್ಕೆ ಕಳ್ಕೊಂಡ ಏಳು ಟೂರ್ ಡಿ ಫ್ರಾನ್ಸ್ (ಫ್ರಾನ್ಸಿನ ಮೂರು ವಾರದ ಸೈಕಲ್ ರೇಸ್) ಪ್ರಶಸ್ತಿಗಳ ಬಗ್ಗೆ ಬರೆದಿದ್ದೆ. ಅದಕ್ಕೆ ಸುಮಾರು ಪತ್ರ ಬಂದಿವೆ, ಕೆಲವರು ಬೇಜಾರಲ್ಲಿ ಬರೆದಿದ್ದಾರೆ, ಕೆಲವರು ಸಿಟ್ಟಲ್ಲಿ. ಎಲ್ಲಾದಕ್ಕೂ ಉತ್ತರ ಕೊಡೋಷ್ಟು ಜಾಗ ಇಲ್ಲ, ಹೆಚ್ಚು ಜನ ಕೇಳಿದ ಪ್ರಶ್ನೆಗಳನ್ನ ತಗೊಂಡಿದ್ದೀನಿ.

ಪ್ರಶ್ನೆ: ಸರ್, ಆ ಕಾಲದಲ್ಲಿ ಮುಂದಿದ್ದವರೆಲ್ಲ ಡ್ರಗ್ಸ್ ತಗೋತಿದ್ರು ಅಂತ ನೀವೇ ಬರೆದಿದ್ದೀರಿ. ಎಲ್ರೂ ತಗೊಂಡ್ರೆ ಎಲ್ರೂ ಸಮ ಆದ ಹಾಗೇ ಅಲ್ವಾ? ಹಾಗಿದ್ಮೇಲೆ ಅವರಲ್ಲಿ ಫಸ್ಟ್ ಬಂದವನೇ ನಿಜವಾದ ಚಾಂಪಿಯನ್ ಅಂತ ಯಾಕೆ ಒಪ್ಕೋಬಾರ್ದು?

ಉತ್ತರ: ಈ ಮಾತು ಮೊದಲ ಸಲ ಕೇಳ್ದಾಗ ನನಗೂ ಸರಿ ಅನ್ನಿಸಿತ್ತು. ಆದ್ರೆ ಇಪಿಓ ಅನ್ನೋ ವಸ್ತು ಮೈಯೊಳಗೆ ಏನ್ ಮಾಡತ್ತೆ ಅಂತ ಒಂದು ಸಲ ತಿಳ್ಕೊಂಡ್ರೆ ಆ ವಾದ ನಿಲ್ಲಲ್ಲ. ಇಪಿಓ ಅಂದ್ರೆ ಎರಿತ್ರೋಪೊಯಿಟಿನ್, ನಮ್ಮೆಲ್ಲರ ಕಿಡ್ನಿಯಲ್ಲೂ ತಯಾರಾಗೋ ಹಾರ್ಮೋನು, ಮೂಳೆ ಮಜ್ಜೆಗೆ ಹೋಗಿ ಕೆಂಪು ರಕ್ತಕಣ ಮಾಡು ಅಂತ ಹೇಳೋ ಕೆಲಸ ಅದರದ್ದು. ಕಿಡ್ನಿ ಕೆಟ್ಟು ರಕ್ತಹೀನತೆ ಬಂದವರಿಗೆ ಅಂತ ಅದನ್ನ ಲ್ಯಾಬಲ್ಲಿ ಮಾಡಿ 1980ರ ದಶಕದ ಕೊನೆಗೆ ಔಷಧಿಯಾಗಿ ತಂದ್ರು, ಎಷ್ಟೋ ರೋಗಿಗಳಿಗೆ ಅದ್ರಿಂದ ಒಳ್ಳೇದಾಗಿದೆ. ಸೈಕಲ್ ರೇಸಿನವರು ಅದನ್ನೇ ಚುಚ್ಚಿಸ್ಕೊಂಡ್ರು, ಯಾಕಂದ್ರೆ ಕೆಂಪು ಕಣ ಜಾಸ್ತಿ ಆದ್ರೆ ಕಾಲಿಗೆ ಹೋಗೋ ಆಮ್ಲಜನಕ ಜಾಸ್ತಿ, ಮೂರು ವಾರ ಬೆಟ್ಟ ಹತ್ತೋ ರೇಸಲ್ಲಿ ಅದಕ್ಕಿಂತ ದೊಡ್ಡ ಲಾಭ ಇನ್ನೇನಿದೆ?

ಈಗ ಸಮ ಅನ್ನೋ ಮಾತಿಗೆ ಬರೋಣ. ಲ್ಯಾಬಿನ ಇಪಿಓನ ಪತ್ತೆ ಹಚ್ಚೋ ಟೆಸ್ಟ್ ಇಲ್ಲದ ಕಾಲದಲ್ಲಿ, ಅಂದ್ರೆ 1997ರಲ್ಲಿ, ಸೈಕ್ಲಿಂಗಿನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಒಂದು ಮಿತಿ ಹಾಕಿತು: ರಕ್ತದಲ್ಲಿ ಕೆಂಪು ಕಣಗಳ ಪಾಲು, ಹೆಮಟೋಕ್ರಿಟ್ ಅಂತಾರಲ್ಲ ಅದು, ಶೇ. 50 ದಾಟಿದ್ರೆ ರೇಸಿಂದ ಹೊರಗೆ. ದಾಟದೇ ಇದ್ರೆ ಕೇಳೋರಿಲ್ಲ. ಹುಟ್ಟಿಂದಲೇ 48 ಇರೋ ಒಬ್ಬ ರೈಡರ್ ಇದ್ದಾನೆ ಅಂದ್ಕೊಳ್ಳಿ, ಅವನಿಗೆ ಇಪಿಓ ಇಂದ ಸಿಗೋದು ಎರಡೇ ಅಂಕ. ಪಕ್ಕದಲ್ಲಿ 40 ಇರೋನು ಹತ್ತು ಅಂಕ ಏರಿಸ್ಕೋತಾನೆ, ಅಂದ್ರೆ ಅವನ ಕೆಂಪು ಕಣ ಕಾಲು ಭಾಗ ಜಾಸ್ತಿ ಆಯ್ತು! ಪ್ರಕೃತಿ ಕೊಟ್ಟ ವರ ಇದ್ದೋನಿಗೇ ನಷ್ಟ. ಅದೂ ಅಲ್ದೆ ಒಂದೇ ಡೋಸಿಗೆ ಎರಡು ದೇಹ ಒಂದೇ ಥರ ಸ್ಪಂದಿಸಲ್ಲ, ಒಳ್ಳೇ ಡಾಕ್ಟರನ್ನ ಇಟ್ಕೊಳ್ಳೋಕೆ ದುಡ್ಡು ಇದ್ದೋನು ಸಿಕ್ಕಿಬೀಳ್ದೆ ತಗೋತಾನೆ, ಇಲ್ದೋನು ಸಿಕ್ಕಿಬೀಳ್ತಾನೆ. ಆ ರೇಸು ಗೆದ್ದಿದ್ದು ಯಾರು, ಕಾಲಾ, ಡಾಕ್ಟರಾ, ಬ್ಯಾಂಕ್ ಅಕೌಂಟಾ ಅಂತ ಈಗ ಯಾರಿಂದಲೂ ಬಿಡಿಸಿ ಹೇಳೋಕಾಗಲ್ಲ, ಅದಕ್ಕೇ ಆ ಏಳು ವರ್ಷದ ಪ್ರಶಸ್ತಿಗಳನ್ನ ಎರಡನೇ ಸ್ಥಾನದವರಿಗೂ ಕೊಡ್ದೆ ಖಾಲಿ ಬಿಟ್ಟಿದ್ದಾರೆ.

ಇನ್ನೂ ಒಂದಿದೆ, ನನ್ನ ಮನಸ್ಸಿಗೆ ಜಾಸ್ತಿ ನೋವಾಗೋದು ಇದೇ. "ಎಲ್ರೂ" ಅನ್ನೋದೇ ಸುಳ್ಳು. 1998ರಲ್ಲಿ ಫೆಸ್ಟಿನಾ ತಂಡದ ಮಸಾಜ್ ಕೆಲಸದ ವಿಲ್ಲಿ ವೋಯಿಟ್ ಅನ್ನೋನು ಕಾರು ತುಂಬ ಇಪಿಓ ಮತ್ತಿನ್ನೇನೇನೋ ತುಂಬ್ಕೊಂಡು ಬೆಲ್ಜಿಯಂ-ಫ್ರಾನ್ಸ್ ಗಡಿಯಲ್ಲಿ ಸಿಕ್ಕಿಬಿದ್ದ, ಇಡೀ ತಂಡವನ್ನ ಟೂರ್‌ನಿಂದ ಹೊರಗೆ ಹಾಕಿದ್ರು. ಪೊಲೀಸರ ಮುಂದೆ ಬಾಯಿ ಬಿಟ್ಟಾಗ ಅದೇ ತಂಡದವರೇ ಹೇಳಿದ್ದು, ನಮ್ಮಲ್ಲಿ ಒಬ್ಬ ಮಾತ್ರ ಏನೂ ಮುಟ್ಟಲ್ಲ, ಕ್ರಿಸ್ಟೋಫ್ ಬಾಸೋನ್ ಅಂತ. ಸುತ್ತ ಎಲ್ಲಾ ತಗೋತಿರುವಾಗ, ತಗೊಂಡ್ರೆ ಸಂಬಳ ಎಷ್ಟೋ ಪಟ್ಟು ಆಗತ್ತೆ ಅಂತ ಗೊತ್ತಿರುವಾಗ ಬೇಡ ಅಂದ ಹುಡುಗ ಅವನು. ಮರುವರ್ಷ ಬೇರೆ ತಂಡಕ್ಕೆ ಟೂರ್ ಓಡಿಸ್ತಾ, ಈ ವೇಗ ನಂಬೋಹಾಗಿಲ್ಲ ಅಂತ ಪತ್ರಿಕೆಯಲ್ಲಿ ಬರೆದ. ರೇಸಲ್ಲಿ ಎಲ್ಲರಿಗಿಂತ ಮುಂದಿರೋನು ಹಾಕೋ ಹಳದಿ ಜೆರ್ಸಿಯಲ್ಲಿದ್ದ ಆರ್ಮ್‌ಸ್ಟ್ರಾಂಗ್ ರೇಸಿನ ಮಧ್ಯೆಯೇ ಪಕ್ಕಕ್ಕೆ ಬಂದು ನೀನು ಮನೆಗೆ ಹೋಗು ಅನ್ನೋ ಥರ ಮಾತಾಡಿದ, ಉಳಿದ ರೈಡರ್‌ಗಳು ಮಾತು ಬಿಟ್ರು, ಸ್ವಂತ ತಂಡದವರೂ ಕೈಬಿಟ್ರು. ರೇಸು ಮುಗಿಯೋ ಮೊದಲೇ ಬಾಸೋನ್ ಬಿಟ್ಟು ಹೋದ, 2001ಕ್ಕೆ ವೃತ್ತಿನೂ ಮುಗೀತು. ಈಗ ಹೇಳಿ, ಅವನಿಗೆ ಆ ಮೈದಾನ ಸಮ ಇತ್ತಾ? ಅವನ ಹಾಗೇ ಬೇಡ ಅಂದು ಹೆಸರೇ ಬರ್ದೆ ಮನೆಗೆ ಹೋದವರು ಎಷ್ಟು ಜನ ಇದ್ರೋ, ಅವರ ಲೆಕ್ಕ ಯಾರೂ ಇಟ್ಟಿಲ್ಲ.

ಪ್ರಶ್ನೆ: ಟೆಸ್ಟ್ ಮಾಡ್ತಿದ್ರೂ ಇಷ್ಟು ವರ್ಷ ಹೇಗೆ ತಪ್ಪಿಸ್ಕೊಂಡ್ರು?

ಉತ್ತರ: ಟೆಸ್ಟ್ ಯಾವಾಗಲೂ ಡ್ರಗ್ಸ್ ಹಿಂದೆ ಓಡೋದು, ಮುಂದೆ ಅಲ್ಲ. ಟೂರ್‌ನಲ್ಲಿ ತಪಾಸಣೆ ಶುರುವಾಗಿದ್ದು 1966ರಲ್ಲಿ. ಮರುವರ್ಷವೇ, 1967ರ ಜುಲೈ 13ರಂದು, ಬ್ರಿಟನ್ನಿನ ಟಾಮ್ ಸಿಂಪ್ಸನ್ ಮೋಂಟ್ ವೆಂಟೂ ಬೆಟ್ಟ ಹತ್ತುವಾಗ ಸುಡು ಬಿಸಿಲಲ್ಲಿ ಸೈಕಲ್ಲಿಂದ ಬಿದ್ದು ಸತ್ತ, 29 ವರ್ಷ ವಯಸ್ಸು, ಮೈಯಲ್ಲಿ ಆಂಫೆಟಮೈನ್ ಇತ್ತು. ಆಂಫೆಟಮೈನ್ ಶಕ್ತಿ ಕೊಡಲ್ಲ, ಸುಸ್ತು ಗೊತ್ತಾಗ್ದೇ ಇರೋಹಾಗೆ ಮಾಡತ್ತೆ, ನಿಲ್ಲು ಅಂತ ಮೈ ಕೂಗೋದು ಕೇಳಿಸ್ದೇ ಇದ್ರೆ ಮನುಷ್ಯ ನಿಲ್ಲೋದು ಹೇಗೆ? ಇಪಿಓ ವಿಷಯಕ್ಕೆ ಬಂದ್ರೆ ಅದು ಮೈಯಲ್ಲಿ ಇರೋದು ಸ್ವಲ್ಪ ಹೊತ್ತು, ಅದರ ಫಲ ವಾರಗಟ್ಟಲೆ, ಹಾಗಾಗಿ ಯಾವಾಗ ತಗೋಬೇಕು ಅಂತ ಗೊತ್ತಿದ್ದೋರಿಗೆ ತಪ್ಪಿಸ್ಕೊಳ್ಳೋದು ಕಷ್ಟ ಇರ್ಲಿಲ್ಲ. ಮೂತ್ರ ಪರೀಕ್ಷೆ ಬಂದ್ಮೇಲೆ ತಮ್ಮದೇ ರಕ್ತ ತೆಗೆದಿಟ್ಟು ರೇಸಿನ ವೇಳೆ ವಾಪಸ್ ಏರಿಸ್ಕೊಳ್ಳೋದಕ್ಕೆ ಹೋದ್ರು, 2006ರಲ್ಲಿ ಸ್ಪೇನ್ ಪೊಲೀಸರು ಡಾಕ್ಟರ್ ಫುಯೆಂಟೆಸ್ ಹತ್ರ ರಕ್ತದ ಚೀಲಗಳನ್ನೇ ಹಿಡಿದ್ರಲ್ಲ, ಅದೇ. 2008ರಿಂದ ಬಯೋಲಾಜಿಕಲ್ ಪಾಸ್‌ಪೋರ್ಟ್ ಬಂತು. ಅದು ಡ್ರಗ್ಸನ್ನ ಹುಡುಕಲ್ಲ, ಒಬ್ಬ ರೈಡರ್‌ನ ರಕ್ತ ವರ್ಷಾನುಗಟ್ಟಲೆ ಹೇಗಿದೆ ಅಂತ ದಾಖಲೆ ಇಟ್ಟು ಇದ್ದಕ್ಕಿದ್ದ ಹಾಗೆ ಬದಲಾದ್ರೆ ಹಿಡಿಯತ್ತೆ. ನನ್ನ ಮಟ್ಟಿಗೆ ಈ ಆಟದಲ್ಲಿ ಆದ ಅತಿ ಒಳ್ಳೇ ಕೆಲಸ ಇದು.

ಪ್ರಶ್ನೆ: ಕ್ಯಾನ್ಸರ್ ಗೆದ್ದು ಬಂದ ಮನುಷ್ಯನ್ನ ನೀವು ಹೀಗೆ ಬರೀಬಾರ್ದಿತ್ತು. ನನ್ನ ತಾಯಿ ಕೀಮೋ ತಗೊಳ್ಳುವಾಗ ಅವರ ಕಥೆ ಓದಿ ಧೈರ್ಯ ತಂದ್ಕೊಂಡಿದ್ರು. ಅದೂ ಸುಳ್ಳಾ?

ಉತ್ತರ: ಇಲ್ಲಮ್ಮ, ಅದು ಸುಳ್ಳಲ್ಲ. ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. 1996ರ ಅಕ್ಟೋಬರಲ್ಲಿ ಆರ್ಮ್‌ಸ್ಟ್ರಾಂಗ್‌ಗೆ ವೃಷಣದ ಕ್ಯಾನ್ಸರ್ ಅಂತ ಗೊತ್ತಾದಾಗ ಅದು ಶ್ವಾಸಕೋಶ, ಮಿದುಳಿಗೆಲ್ಲ ಹರಡಿತ್ತು, ಅದ್ರಿಂದ ಎದ್ದು ಬಂದಿದ್ದು ನಿಜ, ಅವನ ಹೆಸರಲ್ಲಿ ಸೇರಿದ ದುಡ್ಡಿಂದ ರೋಗಿಗಳಿಗೆ ಸಹಾಯ ಆಗಿದ್ದೂ ನಿಜ. ನಿಮ್ಮ ತಾಯಿಯ ಧೈರ್ಯ ನಿಮ್ಮ ತಾಯಿಯದ್ದೇ, ಅದನ್ನ ಯಾವ ತನಿಖಾ ವರದಿನೂ ವಾಪಸ್ ಕಿತ್ಕೊಳ್ಳಕ್ಕೆ ಆಗಲ್ಲ.

ಆದ್ರೆ ನಾನು ಅವನನ್ನ ದೊಡ್ಡ ಕ್ರೀಡಾಪಟು ಅನ್ನದೇ ಇರೋದು ಬರೀ ಸಿರಿಂಜಿನ ಕಾರಣಕ್ಕಲ್ಲ. 2004ರ ಟೂರ್, 18ನೇ ಸ್ಟೇಜ್, ಅಂದ್ರೆ 18ನೇ ದಿನದ ಓಟ. ಇಟಲಿಯ ಫಿಲಿಪ್ಪೊ ಸಿಮಿಯೋನಿ ಮುಂದೆ ಓಡಿದ್ದ ಒಂದು ಸಣ್ಣ ಗುಂಪನ್ನ ಸೇರ್ಕೊಳ್ಳೋಕೆ ಹೋದ, ಒಟ್ಟು ಪಟ್ಟಿಯಲ್ಲಿ ಎಷ್ಟೋ ಹಿಂದಿದ್ದೋನು, ಅವನಿಂದ ಹಳದಿ ಜೆರ್ಸಿಗೆ ಯಾವ ಅಪಾಯನೂ ಇರ್ಲಿಲ್ಲ. ಆದ್ರೂ ಆರ್ಮ್‌ಸ್ಟ್ರಾಂಗ್ ತಾನೇ ಬೆನ್ನಟ್ಟಿ ಹೋದ. ಯಾಕೆ ಗೊತ್ತಾ, ಸಿಮಿಯೋನಿ ಇಟಲಿಯ ಕೋರ್ಟಲ್ಲಿ ಡಾಕ್ಟರ್ ಮಿಕೇಲೆ ಫೆರಾರಿ ವಿರುದ್ಧ ಸಾಕ್ಷಿ ಹೇಳಿದ್ದ, ಆ ಫೆರಾರಿ ಆರ್ಮ್‌ಸ್ಟ್ರಾಂಗ್‌ಗೂ ಡಾಕ್ಟರ್. ಇವನು ಇದ್ರೆ ಹಿಂದಿನವರು ನಮ್ಮನ್ನ ಬಿಡಲ್ಲ ಅಂತ ಮುಂದಿನ ಗುಂಪಿನವರಿಗೆ ಗೊತ್ತಾಯ್ತು, ಸಿಮಿಯೋನಿ ತಲೆ ತಗ್ಗಿಸ್ಕೊಂಡು ಹಿಂದಕ್ಕೆ ಬಂದ, ಆರ್ಮ್‌ಸ್ಟ್ರಾಂಗ್ ಕ್ಯಾಮೆರಾ ಮುಂದೆ ತುಟಿಗೆ ಜಿಪ್ ಎಳೆಯೋ ಸನ್ನೆ ಮಾಡಿ ತೋರಿಸಿದ. ಆಗಲೇ ಐದು ಸಲ ಟೂರ್ ಗೆದ್ದು ಆರನೇದು ಗೆಲ್ಲೋದರಲ್ಲಿದ್ದೋನು, ಅವತ್ತಿನ ದಿನ ಆ ರಸ್ತೆ ಮೇಲೆ ಅವನಿಗಿಂತ ಬಲಶಾಲಿ ಯಾರೂ ಇಲ್ಲ, ಆ ಬಲವನ್ನ ಅವನು ಬಳಸಿದ್ದು ಒಬ್ಬ ಸಾಧಾರಣ ರೈಡರ್‌ನ ಬಾಯಿ ಮುಚ್ಚಿಸಕ್ಕೆ. ತಂಡದಲ್ಲಿ ಮಸಾಜ್ ಕೆಲಸ ಮಾಡ್ತಿದ್ದ ಎಮ್ಮಾ ಓ'ರೈಲಿ ಕಂಡಿದ್ದನ್ನ ಹೇಳಿದ್ದಕ್ಕೆ ಅವಳ ಚಾರಿತ್ರ್ಯದ ಬಗ್ಗೆಯೇ ಕೆಟ್ಟದಾಗಿ ಮಾತಾಡಿದ. 2012ರ ಅಕ್ಟೋಬರಲ್ಲಿ ಅಮೆರಿಕದ ಡೋಪಿಂಗ್ ತಡೆ ಸಂಸ್ಥೆ ಯುಎಸ್‌ಎಡಿಎ ಹೊರಗೆ ಹಾಕಿದ ವರದಿಯಲ್ಲಿ 26 ಜನರ ಸಾಕ್ಷಿ ಇದೆ, ಅದ್ರಲ್ಲಿ 11 ಜನ ಅವನ ಜೊತೆಗೇ ತಂಡದಲ್ಲಿದ್ದವರು. ಅವನು ಬಾಯಿಬಿಟ್ಟು ಒಪ್ಕೊಂಡಿದ್ದು 2013ರ ಜನವರಿಯಲ್ಲಿ, ಇನ್ನು ಬೇರೆ ದಾರಿ ಇಲ್ಲ ಅಂತಾದ್ಮೇಲೆ.

ಕೆಳಗೆ ಬಿದ್ದಾಗ ಮನುಷ್ಯ ಹೇಗಿರ್ತಾನೆ ಅಂತ ನಾವೆಲ್ಲ ನೋಡ್ತೀವಿ. ನನಗೆ ಮೇಲಿದ್ದಾಗ ಹೇಗಿದ್ದ ಅನ್ನೋದೂ ಅಷ್ಟೇ ಮುಖ್ಯ.

ಪ್ರಶ್ನೆ: ಹಾಗಾದ್ರೆ ಬೆಲ್ಜಿಯಂನ ಎಡ್ಡಿ ಮರ್ಕ್ಸ್? ಅವರೂ ಸಿಕ್ಕಿಬಿದ್ದಿದ್ರಲ್ಲ, ಅವರನ್ನ ಮಾತ್ರ ಇವತ್ತಿಗೂ ಸಾರ್ವಕಾಲಿಕ ಶ್ರೇಷ್ಠ ಅಂತೀರಿ. ಇದು ಯಾವ ನ್ಯಾಯ?

ಉತ್ತರ: ನಿಮ್ಮ ಪ್ರಶ್ನೆ ಸರಿಯಾಗಿದೆ, ಸುತ್ತಿಬಳಸಿ ಉತ್ತರ ಕೊಟ್ರೆ ತಪ್ಪಾಗತ್ತೆ. 1969ರ ಜೀರೋ ಡಿ'ಇಟಾಲಿಯಾದಲ್ಲಿ (ಇಟಲಿಯ ಮೂರು ವಾರದ ರೇಸ್) ಮುಂದಿದ್ದಾಗಲೇ ಸವೋನಾ ಊರಲ್ಲಿ ಮರ್ಕ್ಸ್ ಪಾಸಿಟಿವ್ ಬಂದ್ರು, ಹೊರಗೆ ಹಾಕಿದ್ರು, ನಾನು ತಗೊಂಡಿಲ್ಲ ಅಂತ ಅವರು ಯಾವಾಗಲೂ ಹೇಳ್ತಾ ಬಂದಿದ್ದಾರೆ. ಸ್ವಲ್ಪ ವಾರಕ್ಕೇ ಟೂರ್‌ಗೆ ಬಂದು ಸುಮಾರು 18 ನಿಮಿಷದ ಅಂತರದಲ್ಲಿ ಗೆದ್ರು. ಆಮೇಲೆ 1973ರಲ್ಲಿ, 1977ರಲ್ಲೂ ಪಾಸಿಟಿವ್ ಬಂದಿದ್ದಿದೆ. ಐದು ಟೂರ್, ಐದು ಜೀರೋ, ಒಟ್ಟು 525 ಗೆಲುವು, ಈ ಲೆಕ್ಕದ ಪಕ್ಕದಲ್ಲೇ ಆ ಮೂರನ್ನೂ ಬರೀಬೇಕು, ಮುಚ್ಚಿಡಬಾರ್ದು. ಆ ಕಾಲದ ಉತ್ತೇಜಕ ಮಾತ್ರೆ ಸುಸ್ತು ಮರೆಸ್ತಿತ್ತು, ಇಪಿಓ ಹಾಗೆ ದೇಹದ ಎಂಜಿನ್ನನ್ನೇ ಬದಲಾಯಿಸ್ತಿರ್ಲಿಲ್ಲ, ಅದಕ್ಕೇ ಮರ್ಕ್ಸ್ ಗೆಲುವು ಇನ್ನೂ ಅವರ ಗೆಲುವು ಥರ ಕಾಣತ್ತೆ ಅಂತ ನನ್ನ ಅಭಿಪ್ರಾಯ. ಆದ್ರೆ ಅಭಿಮಾನಕ್ಕೋಸ್ಕರ ಒಬ್ಬರಿಗೊಂದು ನ್ಯಾಯ ಇನ್ನೊಬ್ಬರಿಗೊಂದು ನ್ಯಾಯ ಮಾಡ್ತಿದ್ದೀನಾ ಅಂತ ನಾನೂ ಕೇಳ್ಕೊಂಡಿದ್ದೀನಿ, ಸ್ವಲ್ಪ ಮಟ್ಟಿಗೆ ಹೌದು.

ಪ್ರಶ್ನೆ: ಸ್ಲೊವೇನಿಯಾದ ರೈಡರ್ ಪೊಗಾಚಾರ್ ಬೆಟ್ಟ ಹತ್ತೋದು ನೋಡಿದ್ರೆ ಖುಷಿನೂ ಆಗತ್ತೆ, ಭಯನೂ ಆಗತ್ತೆ. ನಂಬ್ಲಾ ಬೇಡ್ವಾ?

ಉತ್ತರ: ಭಯ ಯಾಕೆ ಅಂತ ಅರ್ಥ ಆಗತ್ತೆ. 2024ರ ಟೂರ್‌ನಲ್ಲಿ ಪ್ಲಾಟೋ ಡಿ ಬೆಯ್ಲ್ ಬೆಟ್ಟದ ಏರಲ್ಲಿ ಅವರು ಇಟಲಿಯ ಮಾರ್ಕೊ ಪಂಟಾನಿಯ 1998ರ ಟೈಮನ್ನ ಮೂರು ನಿಮಿಷಕ್ಕೂ ಜಾಸ್ತಿ ಅಂತರದಲ್ಲಿ ಮುರಿದ್ರು, ಅದೂ ಇಪಿಓ ಕಾಲದ ಪಂಟಾನಿ. ಆದ್ರೆ ಸೈಕಲ್ಲು, ಟೈರು, ಬಟ್ಟೆ ಬದಲಾಗಿವೆ, ರೇಸಿನ ಮಧ್ಯೆ ಗಂಟೆಗೆ 100 ಗ್ರಾಂ ಮೇಲೆ ಕಾರ್ಬೋಹೈಡ್ರೇಟ್ ತಿನ್ನೋದು ಕಲ್ತಿದ್ದಾರೆ, ಅವತ್ತಿನವರು ಅರೆಹೊಟ್ಟೆಯಲ್ಲಿ ಓಡಿಸ್ತಿದ್ರು. ಪೊಗಾಚಾರ್ ಯಾವತ್ತೂ ಪಾಸಿಟಿವ್ ಬಂದಿಲ್ಲ, ಪಾಸ್‌ಪೋರ್ಟಲ್ಲಿ ಅವರ ಮೇಲೆ ಕೇಸಿಲ್ಲ. ಸಾಕ್ಷಿ ಇಲ್ದೆ ಒಬ್ಬನ್ನ ಕಳ್ಳ ಅನ್ನೋದು ಬಾಸೋನ್‌ಗೆ ಮಾಡಿದಷ್ಟೇ ದೊಡ್ಡ ಅನ್ಯಾಯ. ನಾನಂತೂ ನಂಬಿ ನೋಡ್ತೀನಿ, ಪ್ರಶ್ನೆ ಕೇಳೋ ಪತ್ರಕರ್ತರನ್ನೂ ಓದ್ತೀನಿ, ಎರಡೂ ಒಟ್ಟಿಗೆ ಇರಬಹುದು.

ಪ್ರಶ್ನೆ: ಮಗಳು ಜೂನಿಯರ್ ರೇಸಿಗೆ ಹೋಗ್ತಾಳೆ, ಕೋಚ್ ಯಾವುದೋ ಪೌಡರ್ ತಗೋ ಅಂತಾರೆ. ಕೊಡಬಹುದಾ?

ಉತ್ತರ: ಏನಿದೆ ಅಂತ ಪೂರ್ತಿ ಗೊತ್ತಾಗೋ ತನಕ ಬೇಡ. ಮೈಯಲ್ಲಿ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ, ಹೇಗೆ ಬಂತೋ ಗೊತ್ತಿಲ್ಲ ಅಂದ್ರೆ ಕೇಳಲ್ಲ. 2010ರ ಟೂರ್ ಗೆದ್ದ ಆಲ್ಬರ್ಟೊ ಕಂಟಡಾರ್ ಮೈಯಲ್ಲಿ ಕ್ಲೆನ್‌ಬ್ಯುಟೆರಾಲ್ ಅನ್ನೋ ನಿಷೇಧಿತ ವಸ್ತು ಸಿಕ್ಕಿದ್ದು ಎಷ್ಟೋ ಸೂಕ್ಷ್ಮ ಪ್ರಮಾಣ, ಮಾಂಸದಿಂದ ಬಂತು ಅಂತ ಅವರು ವಾದ ಮಾಡಿದ್ರು, ಸಪ್ಲಿಮೆಂಟಿಂದ ಬಂದಿರೋ ಸಾಧ್ಯತೆನೇ ಜಾಸ್ತಿ ಅಂತ ಕ್ರೀಡಾ ನ್ಯಾಯಮಂಡಳಿ ಹೇಳಿತು, ಪ್ರಶಸ್ತಿ ಹೋಯ್ತು. ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾ ಪ್ರತಿ ವರ್ಷ ಜನವರಿಗೆ ನಿಷೇಧಿತ ವಸ್ತುಗಳ ಹೊಸ ಪಟ್ಟಿ ಜಾರಿಗೆ ತರತ್ತೆ, ಅದನ್ನ ಮಗಳ ಜೊತೆ ಕೂತು ನೀವೇ ಓದಿ. ಕೋಚ್ ಡಬ್ಬಿ ತೋರಿಸಕ್ಕೆ ಹಿಂದೆಮುಂದೆ ನೋಡಿದ್ರೆ ಕೋಚ್ ಬದಲಾಯಿಸಿ.

ಪ್ರಶ್ನೆ: ಕೊನೆಗೆ ನಿಮ್ಮ ಪ್ರಕಾರ ದೊಡ್ಡ ಸೈಕ್ಲಿಸ್ಟ್ ಯಾರು, ಒಂದೇ ಹೆಸರು ಹೇಳಿ.

ಉತ್ತರ: ಗ್ರೆಗ್ ಲೆಮಾಂಡ್. 1986ರಲ್ಲಿ ಟೂರ್ ಗೆದ್ರು, 1987ರಲ್ಲಿ ಬೇಟೆಗೆ ಹೋದಾಗ ಬಾವಮೈದುನನ ಕೈತಪ್ಪಿ ಹಾರಿದ ಗುಂಡು ತಗುಲಿ ಸಾವಿನ ಹತ್ರ ಹೋಗಿ ಬಂದ್ರು, ಎಷ್ಟೋ ಚರೆಗಳು ಮೈಯೊಳಗೇ ಉಳಿದ್ವು. 1989ರ ಟೂರ್‌ನ ಕೊನೇ ದಿನ ಲೋರಾನ್ ಫಿನ್ಯೋಂಗಿಂತ 50 ಸೆಕೆಂಡ್ ಹಿಂದಿದ್ರು, ಬಾಕಿ ಇದ್ದಿದ್ದು 24.5 ಕಿಲೋಮೀಟರಿನ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸೋದು) ಒಂದೇ, ಮುಗಿದಾಗ ಎಂಟು ಸೆಕೆಂಡ್ ಮುಂದೆ. ಮೂರು ಸಾವಿರ ಕಿಲೋಮೀಟರ್ ಮೇಲೆ ಓಡಿಸಿ ಎಂಟು ಸೆಕೆಂಡ್! ಇಷ್ಟೇ ಆಗಿದ್ರೂ ಸಾಕಿತ್ತು. ಆದ್ರೆ 2001ರಲ್ಲಿ, ಇಡೀ ಅಮೆರಿಕ ಆರ್ಮ್‌ಸ್ಟ್ರಾಂಗ್‌ನ ತಲೆ ಮೇಲೆ ಹೊತ್ತು ಮೆರೆಸ್ತಿದ್ದಾಗ, ಆ ಫೆರಾರಿ ಸಹವಾಸ ಸರಿಯಿಲ್ಲ ಅಂತ ಬಹಿರಂಗವಾಗಿ ಹೇಳಿದ್ರು. ಒತ್ತಡ ಬಂತು, ಕ್ಷಮೆ ಕೇಳಬೇಕಾಯ್ತು, ಅವರ ಹೆಸರಿನ ಸೈಕಲ್ ವ್ಯವಹಾರಕ್ಕೂ ಪೆಟ್ಟು ಬಿತ್ತು, ಹೊಟ್ಟೆಕಿಚ್ಚಿನವನು ಅಂತ ಜನ ಅಂದ್ರು, ಅದಾದ್ಮೇಲೂ ಸುಮ್ನಿರ್ಲಿಲ್ಲ. ಆರ್ಮ್‌ಸ್ಟ್ರಾಂಗ್‌ನ ಏಳು ಹೋದ್ಮೇಲೆ, 2006ರಲ್ಲಿ ಗೆದ್ದಿದ್ದ ಫ್ಲಾಯ್ಡ್ ಲ್ಯಾಂಡಿಸ್‌ನದ್ದೂ ಹೋಗಿ, ಪುರುಷರ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕನ್ನರ ಪಟ್ಟಿಯಲ್ಲಿ ಈಗ ಉಳಿದಿರೋದು ಅವರ ಹೆಸರೊಂದೇ.