ಹೀಟರ್ ಹೋಸ್ ಎಲ್ಲಿಂದ ಎಲ್ಲಿಗೆ? ಹಳೇ ಲಾರಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮಲ್ಲಿ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿನ ಹಳೇ ಬಾನೆಟ್ ಲಾರಿ ಇದೆ. ಎಂಜಿನ್ನಿನ ಬಿಸಿನೀರಿನಿಂದ ಕ್ಯಾಬಿನ್ ಬೆಚ್ಚಗಿಡುವ ಹೀಟರ್ ಇಲ್ಲ, ಎಂಜಿನ್ ಮೇಲೆ ಹೋಸ್ ಸಿಕ್ಕಿಸುವ ಎರಡು ನಿಪ್ಪಲ್‌ಗಳನ್ನು ಒಂದೇ ಹೋಸಿನಿಂದ ಸೇರಿಸಿಬಿಟ್ಟಿದ್ದಾರೆ. ಮಳೆಗಾಲದಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆ ಹೋದರೆ ಮುಂದಿನ ಗಾಜು ಒಳಗಿನಿಂದ ಮಸುಕಾಗುತ್ತದೆ. ಗುಜರಿಯಲ್ಲಿ ಸಿಕ್ಕ ಹೀಟರ್ ಕೂರಿಸಬೇಕೆಂದಿದ್ದೇವೆ. ಯಾವ ಹೋಸ್ ಎಲ್ಲಿಗೆ ಹೋಗಬೇಕು?
– ಓದುಗರು, ದಾವಣಗೆರೆ

ಉತ್ತರ: ವಾಟರ್ ಪಂಪು ನೀರನ್ನು ಬ್ಲಾಕಿಗೆ ತಳ್ಳುತ್ತದೆ, ರೇಡಿಯೇಟರಿನ ಕೆಳಗಿನ ಹೋಸಿನಿಂದ ಎಳೆದುಕೊಳ್ಳುತ್ತದೆ. ಹೀಟರಿನ ಒಂದು ಹೋಸ್ ತಳ್ಳುವ ಕಡೆ, ಇನ್ನೊಂದು ಎಳೆಯುವ ಕಡೆ ಇದ್ದರೆ ಮಾತ್ರ ನೀರು ಓಡುತ್ತದೆ. ಆದ್ದರಿಂದ ಬಿಸಿನೀರನ್ನು ಸಿಲಿಂಡರ್ ಹೆಡ್ಡಿನಿಂದ, ಇಲ್ಲವೇ ಥರ್ಮೋಸ್ಟಾಟಿನ (ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ದಾರಿ ತೆರೆಯುವ ಕವಾಟ) ಎಂಜಿನ್ ಕಡೆಯ ಮಗ್ಗುಲಿಂದ ತೆಗೆಯಿರಿ. ವಾಪಸ್ ಹೋಸನ್ನು ಪಂಪಿನ ಎಳೆತದ ಕಡೆಯ ನಿಪ್ಪಲ್ಲಿಗೆ ಕೊಡಿ. ಅಲ್ಲಿ ನಿಪ್ಪಲ್ ಇಲ್ಲದಿದ್ದರೆ ಕೆಳಗಿನ ರೇಡಿಯೇಟರ್ ಹೋಸಿಗೆ ಲೋಹದ ಟಿ ಕೂರಿಸಿ ಸೇರಿಸಬಹುದು. ಎರಡೂ ತುದಿ ಒತ್ತಡದ ಕಡೆಯೇ ಬಿದ್ದರೆ ಹೀಟರಿನಲ್ಲಿ ನೀರು ನಿಂತಲ್ಲೇ ನಿಲ್ಲುತ್ತದೆ. ಥರ್ಮೋಸ್ಟಾಟ್ ದಾಟಿದ ಮೇಲಿನ ಹೋಸಿನಿಂದ ತೆಗೆದರೆ, ಅದು ತೆರೆಯುವವರೆಗೂ ಕ್ಯಾಬಿನ್ ತಣ್ಣಗೇ ಇರುತ್ತದೆ.

ಹೀಟರಿನ ಕಡೆ ಬಿಸಿನೀರು ಕೆಳಗಿನ ಪೈಪಿಗೆ ಬಂದು ಮೇಲಿನದರಿಂದ ಹೊರಟರೆ ಗಾಳಿ ತಾನೇ ಹೊರಹೋಗುತ್ತದೆ. ಅದಲುಬದಲಾದರೂ ಒಂದಷ್ಟು ಬಿಸಿ ಬರುತ್ತದೆ. ಆದರೆ ಮೇಲುಭಾಗದಲ್ಲಿ ಗಾಳಿ ಕೂತು ಅರ್ಧ ಹೀಟರ್ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಹೀಟರಿನ ಎರಡು ಪೈಪುಗಳ ಅಳತೆ ಬೇರೆಬೇರೆ ಇದ್ದರೆ ಗಾಬರಿ ಬೇಡ. ಅಮೆರಿಕದ ಷೆವ್ರೊಲೆ ವಿ-8 ಪಿಕಪ್‌ಗಳಲ್ಲಿ ಬಿಸಿನೀರು ಬರುವುದು 5/8 ಇಂಚಿನ (16 ಮಿಮೀ) ಹೋಸಿನಲ್ಲಿ, ವಾಪಸ್ ಹೋಗುವುದು 3/4 ಇಂಚಿನ (19 ಮಿಮೀ) ಹೋಸಿನಲ್ಲಿ. ಹೀಟರ್ ಟ್ಯಾಪನ್ನು ಬಿಸಿನೀರು ಬರುವ ಹೋಸಿಗೇ ಹಾಕಿ. ವಾಪಸ್ ಹೋಸಿನಲ್ಲಿದ್ದರೆ, ಟ್ಯಾಪ್ ಮುಚ್ಚಿದಾಗಲೂ ಹಳೇ ಹೀಟರಿನ ಬೆಸುಗೆಯ ಮೇಲೆ ಪಂಪಿನ ಒತ್ತಡ ಬೀಳುತ್ತಿರುತ್ತದೆ.

ಇನ್ನು ಹೋಸ್ ಎಳೆಯುವ ದಾರಿ. ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲೇ. ಅಂಗಡಿಯಲ್ಲಿ ನೂಲಿನ ಹೆಣಿಗೆ ಇರುವ ಹೀಟರ್ ಹೋಸನ್ನೇ ಕೇಳಿ. ತೋಟದ ಪೈಪು ಬಿಸಿಗೆ ಮೆತ್ತಗಾಗುತ್ತದೆ. ಪೆಟ್ರೋಲ್ ಪೈಪಿನ ರಬ್ಬರೂ ಈ ಕೆಲಸಕ್ಕಲ್ಲ. ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಕನಿಷ್ಠ ನಾಲ್ಕು ಬೆರಳು ದೂರ ಇರಲಿ. ಜಾಗ ಸಾಲದಿದ್ದರೆ ನಡುವೆ ತಗಡಿನ ತಡೆ ಕೊಡಿ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಅಲುಗಾಡುತ್ತದೆ, ಕ್ಯಾಬಿನ್ ಬೇರೆಯಾಗಿ ಅಲುಗಾಡುತ್ತದೆ. ಹೋಸನ್ನು ಬಿಗಿಯಾಗಿ ಎಳೆದರೆ ನಿಪ್ಪಲ್ ಬುಡವೇ ಬಿರುಕು ಬಿಡುತ್ತದೆ, ಆದ್ದರಿಂದ ಒಂದೆರಡು ಇಂಚು ಸಡಿಲ ಬಿಡಿ. ಆ ಸಡಿಲ ಫ್ಯಾನ್ ಬೆಲ್ಟಿನ ಕಡೆ ಜೋಲದಂತೆ ರಬ್ಬರ್ ಸುತ್ತಿದ ಕ್ಲಿಪ್ಪಿನಿಂದ ಹಿಡಿಸಿ. ಕ್ಯಾಬಿನ್ ತಗಡು ದಾಟುವ ತೂತಿಗೆ ರಬ್ಬರ್ ಗ್ರೊಮೆಟ್ ಇರಲೇಬೇಕು. ಇಲ್ಲದಿದ್ದರೆ ತಗಡಿನ ಅಂಚು ಹೋಸನ್ನು ಕೊಯ್ಯುತ್ತದೆ. ನೇರ ಹೋಸನ್ನು ಚಿಕ್ಕ ಜಾಗದಲ್ಲಿ ಬಗ್ಗಿಸಿದರೆ ಒಳಗೆ ಮಡಿಚಿಕೊಂಡು ನೀರು ನಿಲ್ಲುತ್ತದೆ. ಅಂಥ ಕಡೆ ಲೋಹದ ಬೆಂಡ್ ಬಳಸಿ. ಹೋಸು ನಡುವೆ ಏರಿ ಮತ್ತೆ ಇಳಿದರೆ ಆ ಏರಿನಲ್ಲಿ ಗಾಳಿ ಕೂರುತ್ತದೆ.

ಹೋಸು ನಿಪ್ಪಲ್ಲಿನ ಮೇಲೆ ಒಂದಿಂಚಾದರೂ ಕೂತಿರಲಿ. ಕ್ಲಿಪ್ಪು ನಿಪ್ಪಲ್ಲಿನ ಉಬ್ಬು ದಾಟಿದ ಮೇಲೆ ಬರಬೇಕು, ಉಬ್ಬಿನ ಮೇಲಲ್ಲ. ಕ್ಲಿಪ್ಪಿನ ಗೆರೆಗಳ ನಡುವೆ ರಬ್ಬರ್ ಉಬ್ಬಿ ಬಂದರೆ ಅತಿಯಾಗಿ ಬಿಗಿದಿದ್ದೀರಿ ಎಂದರ್ಥ. ಬೈಂಡಿಂಗ್ ತಂತಿ ಖಂಡಿತ ಬೇಡ. ಪಂಪು ಎಳೆಯುವ ಕಡೆಯ ಕ್ಲಿಪ್ಪು ಸಡಿಲವಿದ್ದರೆ ಹೊರಗೆ ಒಂದು ಹನಿ ಸೋರದೆಯೂ ಒಳಕ್ಕೆ ಗಾಳಿ ಎಳೆದುಕೊಳ್ಳಬಹುದು; ರೇಡಿಯೇಟರಿನಲ್ಲಿ ನೊರೆ ಕಂಡರೆ ಮೊದಲು ಅಲ್ಲಿ ನೋಡಿ.

ನೀರು ತುಂಬಿಸುವಾಗ ಗಾಡಿಯ ಮುಂಭಾಗ ಏರಿನ ಕಡೆ ಇರಲಿ, ಹೀಟರ್ ಟ್ಯಾಪ್ ಪೂರ್ತಿ ತೆರೆದಿರಲಿ. ಹೀಟರಿನ ಮೇಲಿನ ಹೋಸನ್ನು ತುಸು ಸಡಿಲಿಸಿ, ಗುಳ್ಳೆ ನಿಂತು ಬರಿ ನೀರು ಬಂದ ಮೇಲೆ ಬಿಗಿಯಿರಿ. ಮೊದಲಿಗಿಂತ ಒಂದರಿಂದ ಒಂದೂವರೆ ಲೀಟರ್ ಹೆಚ್ಚು ಹಿಡಿಯುತ್ತದೆ. ಎಂಜಿನ್ ಬಿಸಿಯಾದ ಮೇಲೆ ಎರಡೂ ಹೋಸನ್ನು ಕೈಯಲ್ಲಿ ಮುಟ್ಟಿ ನೋಡಿ. ಎರಡೂ ಬಿಸಿ ಇದ್ದು ವಾಪಸ್ ಹೋಸು ತುಸು ಕಡಿಮೆ ಬಿಸಿ ಇದ್ದರೆ ಸರಿ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಗಾಳಿ ಕೂತಿದೆ ಅಥವಾ ಹೀಟರ್ ಕಟ್ಟಿದೆ. ಗುಜರಿಯ ಹೀಟರನ್ನು ಕೂರಿಸುವ ಮುಂಚೆಯೇ ಎರಡೂ ಕಡೆಯಿಂದ ನೀರು ಬಿಟ್ಟು ತೊಳೆಯಿರಿ.

ಪ್ರಶ್ನೆ: ಏಪ್ರಿಲ್ ಬಿಸಿಲಿಗೆ ನಮ್ಮ ಹಳೇ ಲಾರಿ ಬಿಸಿಯಾಗುತ್ತಿತ್ತು. ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಹಾಕಿದರು. ಆದರೂ ಹೆದ್ದಾರಿಯಲ್ಲಿ ಏರು ಬಂದರೆ ಬಿಸಿಯಾಗುತ್ತದೆ. ಹೀಟರಿನ ಎರಡು ನಿಪ್ಪಲ್‌ಗೆ ದಪ್ಪ ಹೋಸಿನ ಸುತ್ತು ಹಾಕಿದ್ದಾರೆ.
– ಓದುಗರು, ಚಿತ್ರದುರ್ಗ

ಉತ್ತರ: ಆ ಸುತ್ತಿನ ಮೇಲೆಯೇ ನಮ್ಮ ಮೊದಲ ಅನುಮಾನ. ಹೀಟರ್ ಇಲ್ಲದ ಬರಿ ಹೋಸಿಗೆ ಯಾವ ತಡೆಯೂ ಇಲ್ಲ. ಬಿಸಿನೀರು ರೇಡಿಯೇಟರಿಗೆ ಹೋಗದೆ ಅದೇ ದಾರಿಯಲ್ಲಿ ಪಂಪಿಗೆ ಮರಳುತ್ತದೆ. ಥರ್ಮೋಸ್ಟಾಟ್ ಗೂಡಿಗೂ ಪಂಪಿಗೂ ನಡುವೆ ಬೇರೆ ಬೈಪಾಸ್ (ನೀರು ರೇಡಿಯೇಟರಿಗೆ ಹೋಗದೆ ಪಂಪಿಗೆ ಮರಳುವ ಅಡ್ಡದಾರಿ) ಇದ್ದರೆ ಸುತ್ತನ್ನು ತೆಗೆದು ಎರಡೂ ನಿಪ್ಪಲ್ ಜಾಗಕ್ಕೆ ಪ್ಲಗ್ ಹಾಕಿಸಿ. ಬೈಪಾಸ್ ಇಲ್ಲದ ಎಂಜಿನ್ನಿಗೆ ಸುತ್ತು ಬೇಕು, ಆದರೆ ಒಳಗೆ ಸಣ್ಣ ತೂತಿನ ತಡೆ ಕೊಟ್ಟು.

ಥರ್ಮೋಸ್ಟಾಟ್ ತೆಗೆದದ್ದು ತಪ್ಪು. ಕೆಲವು ಎಂಜಿನ್‌ಗಳಲ್ಲಿ ಅದು ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿ ಇನ್ನೂ ಹೆಚ್ಚುತ್ತದೆ. ಹೊಸದನ್ನು ಪಾತ್ರೆಯ ನೀರಿನಲ್ಲಿ ತೂಗುಹಾಕಿ ಥರ್ಮಾಮೀಟರ್ ಇಟ್ಟು ಕಾಯಿಸಿ: 82 ಡಿಗ್ರಿಯದಾದರೆ ಅದರ ಆಸುಪಾಸಿನಲ್ಲೇ ತೆರೆಯಲು ಶುರುವಾಗಬೇಕು. ರೇಡಿಯೇಟರ್ ಮುಚ್ಚಳವನ್ನೂ ನೋಡಿ. ಚಿತ್ರದುರ್ಗ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದು 98 ಡಿಗ್ರಿಯ ಹತ್ತಿರ. 7 ಪೌಂಡಿನ (ಚದರ ಇಂಚಿಗೆ ಅಷ್ಟು ಒತ್ತಡ ಹಿಡಿದಿಡುವ) ಮುಚ್ಚಳ ಸರಿಯಿದ್ದರೆ ಕುದಿಯುವ ಮಟ್ಟ ಸುಮಾರು 109ಕ್ಕೆ ಏರುತ್ತದೆ. ಹಾಗಂತ ಹೊಸ ಕಾರಿನ 13 ಪೌಂಡಿನ ಮುಚ್ಚಳ ಹಾಕಬೇಡಿ. ಹಳೇ ರೇಡಿಯೇಟರಿನ ಬೆಸುಗೆ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಬೋರ್‌ವೆಲ್ ನೀರು ಹಾಕಬಹುದೇ? ನಮ್ಮಲ್ಲಿ ಚಳಿಗೆ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಯಾಕೆ?
– ಓದುಗರು, ಹಿರಿಯೂರು

ಉತ್ತರ: ಬೋರ್‌ವೆಲ್ ನೀರು ಬೇಡ. ಗಡಸು ನೀರಿನ ಸುಣ್ಣ ಮೊದಲು ಕಟ್ಟುವುದು ಹೀಟರಿನ ಸಣ್ಣ ಕೊಳವೆಗಳನ್ನೇ. ನಮ್ಮ ಕಡೆ ಕೂಲಂಟ್ ಬೇಕಾಗುವುದು ತುಕ್ಕು ತಡೆಯಲು, ಕುದಿಯುವ ಮಟ್ಟ ಏರಿಸಲು. ಮೂರನೇ ಒಂದು ಪಾಲು ಕೂಲಂಟ್, ಉಳಿದದ್ದು ಡಿಸ್ಟಿಲ್ಡ್ ವಾಟರ್ ಸಾಕು. ತಾಮ್ರ-ಹಿತ್ತಾಳೆಗೆ ಒಗ್ಗುತ್ತದೆಯೇ ಎಂದು ಡಬ್ಬಿಯ ಮೇಲೆ ಓದಿಕೊಳ್ಳಿ. ಕೂಲಂಟ್ ಸಿಹಿಯಾಗಿರುವ ವಿಷ. ಬಸಿದದ್ದನ್ನು ಮಕ್ಕಳು, ನಾಯಿಗಳ ಕೈಗೆ ಬಾಯಿಗೆ ಸಿಗುವಂತೆ ಇಡಬೇಡಿ.

ಪ್ರಶ್ನೆ: ದಾರಿಯಲ್ಲಿ ಹೀಟರ್ ಸೋರಿದರೆ?
– ಓದುಗರು, ಹರಿಹರ

ಉತ್ತರ: ಕಾಲ ಕೆಳಗಿನ ಮ್ಯಾಟ್ ಒದ್ದೆ, ಗಾಜಿನ ಮೇಲೆ ಜಿಡ್ಡು, ಸಿಹಿ ವಾಸನೆ – ಇವು ಗುರುತು. ಎಂಜಿನ್ ತಣ್ಣಗಾದ ಮೇಲೆ ಹೀಟರಿನಿಂದ ಎರಡೂ ಹೋಸ್ ಬಿಚ್ಚಿ, 16 ಮಿಮೀ ಲೋಹದ ಪೈಪಿನ ತುಂಡಿನಿಂದ ಒಂದಕ್ಕೊಂದು ಸೇರಿಸಿ ಕ್ಲಿಪ್ ಹಾಕಿ, ನೀರು ತುಂಬಿಸಿ ಗಾಳಿ ತೆಗೆಯಿರಿ. ಟ್ಯಾಪ್ ಇದ್ದರೆ ಅರೆ ಮುಚ್ಚಿಡಿ. ಆ ಪೈಪಿನ ತುಂಡು, ನಾಲ್ಕು ಕ್ಲಿಪ್ಪು, ಒಂದು ಸ್ಕ್ರೂಡ್ರೈವರ್ ಟೂಲ್ ಬಾಕ್ಸಿನಲ್ಲಿ ಸದಾ ಇರಲಿ.